ಏಪ್ರಿಲ್ 15ರೊಳಗೆ ಮೂರರಲ್ಲಿ ಒಂದು

ಮಾರ್ಚ್ ಕೊನೆಗೆ ನನ್ನ ಕೈಯಲ್ಲಿ ಅರ್ಥಶಾಸ್ತ್ರ ಪಿಎಚ್‌ಡಿಗೆ ಮೂರು ಆಫರ್ ಇದ್ದವು. ಎರಡು ಅಮೆರಿಕದ್ದು, ಒಂದು ನಮ್ಮ ದೇಶದ್ದೇ. ಸ್ಟೈಪೆಂಡ್ ಇರುವ ಆಫರ್‌ಗೆ ಉತ್ತರ ಕೊಡಲು ಅಮೆರಿಕದ ಹೆಚ್ಚಿನ ವಿಶ್ವವಿದ್ಯಾಲಯಗಳು ಏಪ್ರಿಲ್ 15ರ ತನಕ ಸಮಯ ಕೊಡುತ್ತವೆ. ಕೊಡಗಿನ ಗೋಣಿಕೊಪ್ಪಲಿನ ಹತ್ತಿರ ನಮ್ಮ ಕಾಫಿ ತೋಟದಲ್ಲಿ ಆಗ ಹೂಮಳೆಗೆ ಕಾಯುವ ಕಾಲ. ಅಪ್ಪ ಆಕಾಶ ನೋಡುತ್ತಿದ್ದರು, ನಾನು ಮೇಲ್ ನೋಡುತ್ತಿದ್ದೆ.

ಅಮೆರಿಕದ ಎರಡರಲ್ಲಿ ದೊಡ್ಡ ಹೆಸರಿನ ಕಡೆಯಿಂದ ಪತ್ರ ಬಂದಾಗ ಮನೆಯಲ್ಲಿ ಎಲ್ಲರೂ ಅಲ್ಲಿಗೇ ಹೋಗುವುದು ಅಂದುಕೊಂಡರು. ನಾನೂ ಅಷ್ಟೇ. ಪತ್ರವನ್ನು ಅಪ್ಪನಿಗೆ ಕನ್ನಡದಲ್ಲಿ ಓದಿ ಹೇಳಿದೆ. ಮೊದಲ ವರ್ಷ ಫೀಸು ಮಾಫಿ, ಸ್ಟೈಪೆಂಡ್ ಉಂಟು. ಆಮೇಲಿನದು ಹಣ ಇದ್ದರೆ ಮಾತ್ರ. ಅಪ್ಪ ಕೇಳಿದ್ದು ಒಂದೇ: "ಹೂಮಳೆ ಸರಿ ಮಗಾ, ಬ್ಯಾಕಿಂಗ್ ಮಳೆ ಎಲ್ಲಿ?"

ಕಾಫಿ ಬೆಳೆಯುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮೊದಲ ಮಳೆಗೆ ಹೂ ಅರಳುತ್ತದೆ. ಎರಡು ಮೂರು ವಾರದಲ್ಲಿ ಇನ್ನೊಂದು ಮಳೆ ಬರದಿದ್ದರೆ ಕಾಯಿ ಕಚ್ಚುವುದು ಕಷ್ಟ. ಅಮೆರಿಕದಲ್ಲಿ ಈ ಪಿಎಚ್‌ಡಿ ಮುಗಿಯಲು 5-6 ವರ್ಷ ಬೇಕು, ಪತ್ರದಲ್ಲಿ ಹಣದ ಭರವಸೆ ಇದ್ದದ್ದು ಮೊದಲ ವರ್ಷಕ್ಕೆ ಮಾತ್ರ.

ಆವತ್ತಿನಿಂದ ಪತ್ರಗಳನ್ನು ಬೇರೆ ಥರ ಓದಿದೆ. ಸ್ಟೈಪೆಂಡ್ 9 ತಿಂಗಳಿಗೋ 12ಕ್ಕೋ? ಆರೋಗ್ಯ ವಿಮೆ ಯಾರದು? ಬಾಡಿಗೆ ಕಳೆದರೆ ಎಷ್ಟು ಉಳಿಯುತ್ತದೆ? ದೊಡ್ಡ ಮೊತ್ತ ಬರೆದಿದ್ದ ಕಡೆಯೇ ಕೊನೆಗೆ ಕಡಿಮೆ ಉಳಿಯುತ್ತಿತ್ತು.

ಹಣಕ್ಕಿಂತ ಜಾಸ್ತಿ ಉಪಯೋಗ ಆದದ್ದು ಅಲ್ಲೇ ಓದುತ್ತಿರುವವರ ಹತ್ತಿರ ಮಾತಾಡಿದ್ದು. ನಮ್ಮಲ್ಲಿ ರಾತ್ರಿ 9.30 ಆದಾಗ ಅವರಿಗೆ ಮಧ್ಯಾಹ್ನ 12. ಮೊದಲ ವರ್ಷದವರನ್ನು ಬಿಟ್ಟು ನಾಲ್ಕನೇ ವರ್ಷದವರನ್ನೇ ಹುಡುಕಿದೆ. ಮೊದಲ ವರ್ಷ ಮೈಕ್ರೋ, ಮ್ಯಾಕ್ರೋ, ಎಕನಾಮೆಟ್ರಿಕ್ಸ್ ಪಾಠ ಎಲ್ಲಾ ಕಡೆ ಹೆಚ್ಚುಕಮ್ಮಿ ಒಂದೇ. ಅದರ ಕೊನೆಯ ಪರೀಕ್ಷೆ ದಾಟಿ, ಸ್ವಂತ ಪ್ರಶ್ನೆ ಹಿಡಿದು ಕೂತಾಗಲೇ ಗೈಡ್ ಎಂಥವರು ಅಂತ ಗೊತ್ತಾಗುವುದು. ನಿಮ್ಮ ಜೊತೆ ಸೇರಿದವರಲ್ಲಿ ಎಷ್ಟು ಜನ ಉಳಿದಿದ್ದೀರಿ, ಬರೆದದ್ದನ್ನು ಗೈಡ್ ಎಷ್ಟು ದಿನದಲ್ಲಿ ಓದಿ ಕೊಡುತ್ತಾರೆ ಅಂತ ಎಲ್ಲರಿಗೂ ಕೇಳಿದೆ.

ನನಗೆ ಕೆಲಸ ಮಾಡಬೇಕಿದ್ದದ್ದು ತೋಟದ ಕೂಲಿಯ ಬಗ್ಗೆ. 1990ರ ದಶಕದಲ್ಲಿ, ಬೆಳೆಗಾರರ ಕಾಫಿಯನ್ನು ಬೋರ್ಡೇ ಒಟ್ಟುಗೂಡಿಸಿ ಮಾರುತ್ತಿದ್ದ ಕಾಫಿ ಬೋರ್ಡಿನ ಪೂಲ್ ಪದ್ಧತಿ ಹೋಗಿ ಮುಕ್ತ ಮಾರಾಟ ಬಂತು. ಬೆಲೆ ಏರಿದಾಗ ಲೈನ್ ಮನೆಯಲ್ಲಿರುವ ತೋಟದ ಕೆಲಸದವರ ಕೈಗೆ ಎಷ್ಟು ಸೇರುತ್ತದೆ ಅನ್ನುವುದು ಚಿಕ್ಕಂದಿನಿಂದ ನನ್ನ ಪ್ರಶ್ನೆ. ದೊಡ್ಡ ಹೆಸರಿನ ಕಡೆ ಕೃಷಿ ಕೂಲಿ ಬಗ್ಗೆ ಕೆಲಸ ಮಾಡುವವರು ಒಬ್ಬರೇ. ಅವರೂ ಬೇರೆ ಕಡೆ ಹೊರಟಿದ್ದಾರೆ ಅಂತ ಒಬ್ಬ ವಿದ್ಯಾರ್ಥಿನಿ ಹೇಳಿದಳು. ಇನ್ನೊಂದು ಕಡೆ ಅಂಥವರು ಮೂವರಿದ್ದರು, 5 ವರ್ಷದ ಹಣ ಪತ್ರದಲ್ಲೇ ಬರೆದಿತ್ತು. "ವಾರದೊಳಗೆ ಓದಿ ಕೊಡುತ್ತಾರೆ, ಕೆಂಪು ಗೆರೆ ತುಂಬಾ ಇರುತ್ತೆ" ಅಂದ ಹುಡುಗನ ದನಿಯಲ್ಲಿ ಬೇಸರ ಇರಲಿಲ್ಲ. ಅಲ್ಲಿಗೇ ಮನಸ್ಸು ವಾಲಿತು.

ನಮ್ಮ ದೇಶದ ಆಫರ್ ಬಿಡುವಾಗಲೇ ಹೆಚ್ಚು ನೋವಾಯಿತು. ಜೆಆರ್‌ಎಫ್ ಅನ್ನುವ ಸಂಶೋಧನಾ ಫೆಲೋಶಿಪ್ ಇತ್ತು, ತಿಂಗಳಿಗೆ 37,000 ರೂಪಾಯಿ, ತೋಟವೂ ಹತ್ತಿರ. ಆದರೆ ಅಲ್ಲಿ ನನ್ನ ವಿಷಯದ ಗೈಡ್ ನಿವೃತ್ತಿಗೆ ಹತ್ತಿರ ಇದ್ದರು.

ಬೇಡ ಅಂತ ತೀರ್ಮಾನ ಆದ ಕೂಡಲೇ, ಏಪ್ರಿಲ್ 8ಕ್ಕೇ ಎರಡೂ ಕಡೆ ಬರೆದು ತಿಳಿಸಿದೆ. 15ರ ತನಕ ಸುಮ್ನೆ ಹಿಡಿದಿಟ್ಟುಕೊಳ್ಳಬಾರದು. ವೇಟಿಂಗ್ ಲಿಸ್ಟ್‌ನಲ್ಲಿ ಇನ್ಯಾರೋ ಮೇಲ್ ನೋಡುತ್ತಾ ಕೂತಿರುತ್ತಾರೆ ಅಲ್ವಾ.