ಕಿಟಕಿಗೆ ಲಟ್ಟಣಿಗೆ ಕೊಡುವ ಮುನ್ನ

ನ್ಯೂಜೆರ್ಸಿಯಲ್ಲಿ ಹಳೇ ಮನೆ ಕೊಂಡ ಮೊದಲ ಬೇಸಿಗೆ. ಮಲಗುವ ಕೋಣೆಯ ಕಿಟಕಿ ಎತ್ತಿದರೆ ನಿಲ್ಲುತ್ತಿರಲಿಲ್ಲ, ಕೈ ಬಿಟ್ಟ ತಕ್ಷಣ ದಡ್ ಅಂತ ಕೆಳಗೆ. ಅಡುಗೆಮನೆಯಿಂದ ಲಟ್ಟಣಿಗೆ ತಂದು ಆನಿಕೆ ಕೊಟ್ಟೆ. ಮೂರು ವರ್ಷ ಹಾಗೇ ನಡೆಯಿತು. ಊರಿಂದ ಬಂದ ಅಮ್ಮ, "ಚಪಾತಿಗೆ ಬಾಟ್ಲಿ, ಕಿಟಕಿಗೆ ಲಟ್ಟಣಿಗೆ. ಚೆನ್ನಾಗಿದೆ ಕಣೋ ನಿನ್ನ ಸಂಸಾರ" ಅಂದರು. ಆಗಲೂ ನನಗೆ ನಾಚಿಕೆ ಆಗಲಿಲ್ಲ. ಒಂದು ದಿನ ಮಗಳು ಆ ಲಟ್ಟಣಿಗೆ ಎಳೆದಳು. ಅವಳ ಬೆರಳು ಕೂದಲೆಳೆಯಲ್ಲಿ ತಪ್ಪಿತು. ಆಮೇಲೆ ಬುದ್ಧಿ ಬಂತು.

ನಮ್ಮೂರ ಕಿಟಕಿಗೆ ಎರಡು ಬಾಗಿಲು, ಒಂದು ಕೊಕ್ಕೆ, ಕಬ್ಬಿಣದ ಸರಳು, ಅಷ್ಟೆ. ಇಲ್ಲಿಯ ಡಬಲ್ ಹಂಗ್ ಕಿಟಕಿಯಲ್ಲಿ ಗಾಜಿನ ಎರಡು ಚೌಕಟ್ಟು ಮೇಲೆ ಕೆಳಗೆ ಜಾರುತ್ತವೆ. ಚೌಕಟ್ಟಿಗೆ ಸ್ಯಾಶ್ ಅನ್ನುತ್ತಾರೆ. ಅದರ ಭಾರ ಹೊರುವುದು ಎರಡೂ ಪಕ್ಕದಲ್ಲಿ ಅಡಗಿರುವ ಬ್ಯಾಲೆನ್ಸ್. ಸಾಮಾನ್ಯವಾಗಿ ಕೆಟ್ಟಿರುವುದು ಅದು, ಕಿಟಕಿ ಅಲ್ಲ. ಇದು ಗೊತ್ತಿಲ್ಲದೆ ಒಬ್ಬ ಸೇಲ್ಸ್‌ಮನ್‌ನನ್ನು ಕರೆಸಿದೆ. ಹನ್ನೊಂದು ಕಿಟಕಿಯನ್ನೂ ಕಿತ್ತುಹಾಕಬೇಕು ಅಂತ ಎರಡು ಗಂಟೆ ಕೂತು ಕೊರೆದು ಹೋದ. (ನಿಜಕ್ಕೂ ಎಲ್ಲ ಬದಲಿಸುವುದಾದರೆ ಪರ್ಮಿಟ್ ಬೇಕಾ ಅಂತ ನಿಮ್ಮೂರಿನ ಟೌನ್‌ಶಿಪ್ ಕಚೇರಿಗೆ ಒಂದು ಫೋನ್ ಮಾಡಿ.)

ಮುರಿದ ಬ್ಯಾಲೆನ್ಸನ್ನು ಚೀಲಕ್ಕೆ ಹಾಕಿಕೊಂಡು ದೊಡ್ಡ ಹಾರ್ಡ್‌ವೇರ್ ಅಂಗಡಿಗೆ ಹೋದೆ. ಬೆಂಗಳೂರಿನ ಎಸ್.ಪಿ. ರೋಡ್ ಅಂಗಡಿಗಳ ಅಭ್ಯಾಸ ನೋಡಿ. ಅಲ್ಲಿ "ಇಂಥದ್ದೇ ಕೊಡಿ" ಅಂದರೆ ಅಟ್ಟದಿಂದ ತೆಗೆದು ಕೊಡುತ್ತಾರೆ. ಇಲ್ಲಿ ಕೌಂಟರಿನ ಹುಡುಗ ಅದನ್ನು ತಿರುಗಿಸಿ ನೋಡಿ "ಪಾರ್ಟ್ ನಂಬರ್?" ಅಂದ. ಇಲ್ಲಿ ವಸ್ತು ಸಾಲದು, ಅದರ ಹೆಸರು ಗೊತ್ತಿರಬೇಕು.

ಹೆಸರು ಹೇಳುತ್ತೇನೆ. ತಗಡಿನ ಉದ್ದ ಕಾಲುವೆ, ಒಳಗೆ ಸ್ಪ್ರಿಂಗ್, ದಾರ, ಪುಟ್ಟ ರಾಟೆಗಳು ಇದ್ದರೆ ಬ್ಲಾಕ್ ಆ್ಯಂಡ್ ಟ್ಯಾಕಲ್. ಕೊಳವೆಯೊಳಗೆ ತಿರುಚಿದ ಕಡ್ಡಿ ಇದ್ದರೆ ಸ್ಪೈರಲ್. ಟೇಪಿನ ಹಾಗೆ ಸುತ್ತಿಕೊಳ್ಳುವ ಉಕ್ಕಿನ ಪಟ್ಟಿ ಇದ್ದರೆ ಕಾನ್‌ಸ್ಟೆಂಟ್ ಫೋರ್ಸ್. ತುಂಬ ಹಳೇ ಮನೆಯಾದರೆ ಹಗ್ಗ, ರಾಟೆ, ಗೋಡೆಯೊಳಗೆ ಕಬ್ಬಿಣದ ಗುಂಡು, ನಮ್ಮ ಬಾವಿಯ ತಮ್ಮನೇ. ಅದಕ್ಕೆ ಬರೀ ಹಗ್ಗ ಬದಲಿಸಿದರೆ ಸಾಕು. ಆದರೆ 1978ಕ್ಕಿಂತ ಹಳೇ ಮನೆಯ ಬಣ್ಣದಲ್ಲಿ ಸೀಸ ಇರಬಹುದು, ಮಕ್ಕಳಿದ್ದರೆ ಸುಮ್ನೆ ಕೆರೆಯಬೇಡಿ.

ಬ್ಲಾಕ್ ಆ್ಯಂಡ್ ಟ್ಯಾಕಲ್ ಪಕ್ಕದಲ್ಲಿ ಒತ್ತಿದ ಅಂಕಿ ಇರುತ್ತದೆ. ಮೊದಲ ಎರಡು ಉದ್ದಕ್ಕೆ, ಉಳಿದದ್ದು ಹೊರುವ ಭಾರಕ್ಕೆ. ಎಷ್ಟೋ ಸಲ ಅಂಕಿಯ ಉದ್ದ ನಿಜವಾದ ಉದ್ದಕ್ಕಿಂತ ಒಂದಿಂಚು ಕಡಿಮೆ, ಗಾಬರಿಯಾಗಬೇಡಿ. ನಾನು ಬರೀ ಉದ್ದ ಅಳೆದು ತರಿಸಿದೆ. ಸ್ಪ್ರಿಂಗ್ ಜಾಸ್ತಿ ಬಿಗಿ. ಮೊದಲು ಕಿಟಕಿ ಬೀಳುತ್ತಿತ್ತು, ಈಗ ತಾನೇ ಏರತೊಡಗಿತು. ಜನವರಿಯ ಚಳಿಯಲ್ಲಿ! ಅಂಕಿ ಅಳಿಸಿದ್ದರೆ ಸ್ಯಾಶ್ ತೂಗಿ. ಊರಿಗೆ ಹೊರಡುವಾಗ ಸೂಟ್‌ಕೇಸ್ ಹಿಡಿದು ತೂಕದ ಯಂತ್ರದ ಮೇಲೆ ನಿಂತು ನಮ್ಮ ತೂಕ ಕಳೆಯುತ್ತೀವಲ್ಲ, ಹಾಗೇ. ಹಾಕುವಾಗ ಜೋಡಿಯಾಗಿ ಬದಲಿಸಿ. ಒಂದೇ ಬದಲಿಸಿದರೆ ಕಿಟಕಿ ಸೊಟ್ಟಗೆ ಓಡುತ್ತದೆ. ಕೆಲವು ಬಿಡಿಭಾಗದ ಅಂಗಡಿಗಳು ಫೋಟೋ ಕಳಿಸಿದರೆ ಗುರುತಿಸಿ ಹೇಳುತ್ತವೆ. ಒಂದು ಅಳತೆ ಪಟ್ಟಿ ಪಕ್ಕದಲ್ಲಿಟ್ಟು ತೆಗೆಯಿರಿ.

ಸ್ಯಾಶ್ ಹೊರಗೆ ತೆಗೆಯುವಾಗ ಅದನ್ನು ಬ್ಯಾಲೆನ್ಸಿಗೆ ಜೋಡಿಸುವ ಪ್ಲಾಸ್ಟಿಕ್ ತುಂಡು (ಶೂ ಅನ್ನುತ್ತಾರೆ) ಬಿಗಿಯಾಗಿ ನಿಂತಿದೆಯಾ ನೋಡಿ. ನಾನು ನೋಡಲಿಲ್ಲ. ಅದು ಸಿಡಿದು ಮೇಲಿನ ಚೌಕಟ್ಟಿಗೆ ಬಡಿಯಿತು, ನನ್ನ ಕನ್ನಡಕಕ್ಕೆ ಅಲ್ಲ, ಪುಣ್ಯ.

ರಿಪೇರಿ ಮಾಡುವಾಗ ಮಗಳು ಟಾರ್ಚ್ ಹಿಡಿದು ನಿಂತಿದ್ದಳು. "ಅಪ್ಪ, ಅಜ್ಜಿ ಮನೆ ಕಿಟಕಿ ಯಾಕೆ ಜೈಲ್ ತರ ಇದೆ?" ಅಂದಳು. ಅದೇ ಸರಳಿಗೆ ಮುಖ ಒತ್ತಿ ಬೀದಿಯ ಸೊಪ್ಪಿನವಳನ್ನು ಕೂಗಿ ಬೆಳೆದವನು ನಾನು. ಹಾಗಂತ ಹೇಳಿದೆ. ಅವಳಿಗೆ ಅರ್ಥ ಆಗಲಿಲ್ಲ. ಇಲ್ಲಿ ಕಿಟಕಿಯಾಚೆ ಕೂಗಿ ಕರೆಯಲು ಯಾರಿದ್ದಾರೆ? ಸರಳಿಲ್ಲದ ಕಿಟಕಿಯ ಸೊಳ್ಳೆ ಪರದೆ ಮಗುವಿನ ಭಾರ ತಡೆಯುವುದಿಲ್ಲ. ಮಹಡಿಯಲ್ಲಿ ವಿಂಡೋ ಗಾರ್ಡ್ ಹಾಕಿಸಿ, ಇಲ್ಲವೇ ಮೇಲಿನ ಸ್ಯಾಶನ್ನೇ ಸ್ವಲ್ಪ ಇಳಿಸಿ ಗಾಳಿ ಬಿಡಿ.

ಹತ್ತು ಕಿಟಕಿ ಈಗ ಸರಿಯಾಗಿವೆ. ಗ್ಯಾರೇಜಿನದ್ದಕ್ಕೆ ಪಾರ್ಟ್ ಇನ್ನೂ ಸಿಕ್ಕಿಲ್ಲ. ಅಮ್ಮ ಊರಿಗೆ ಹೋಗುವ ಮೊದಲು ಇಂಡಿಯನ್ ಅಂಗಡಿಯಿಂದ ಹೊಸ ಲಟ್ಟಣಿಗೆ ಕೊಡಿಸಿಕೊಂಡರು. ಹಳೇದು ಗ್ಯಾರೇಜಿನಲ್ಲಿ ಡ್ಯೂಟಿಯಲ್ಲಿದೆ.