ಕುರುಬನ ವಾಕ್ಯಗಳನ್ನು ಓದುವ ಮುನ್ನ ಒಮ್ಮೆ ಕುರಿದಡ್ಡಿಗೆ ಹೋಗಿ ಬನ್ನಿ

ಬೀದರ್ ಸೀಮೆಯ ಬಹಳಷ್ಟು ಕ್ರೈಸ್ತ ಮನೆಗಳಲ್ಲಿ, ‘ಯೆಹೋವನು ನನಗೆ ಕುರುಬನು’ ಎಂದು ತೊಡಗುವ ಸತ್ಯವೇದದ (ಬೈಬಲಿನ) 23ನೆಯ ಕೀರ್ತನೆ ಗೋಡೆಯ ಮೇಲಿರುತ್ತದೆ. ಮಕ್ಕಳು ಸಂಡೇ ಸ್ಕೂಲಿನಲ್ಲಿ ಅದನ್ನು ಬಾಯಿಪಾಠ ಮಾಡುತ್ತಾರೆ, ಮಣ್ಣಿನ ದಿನ ಹಿರಿಯರು ಅದನ್ನೇ ಹೇಳುತ್ತಾರೆ. ನಾನೂ ಹಾಗೆಯೇ ಕಲಿತವನು. ನಾಲಿಗೆಗೆ ಅಷ್ಟು ಒಗ್ಗಿಹೋದ ಮಾತು ಕಿವಿಗೆ ಕೇಳಿಸದಂತಾಗುತ್ತದೆ ಎಂಬುದು ನನಗೆ ತಡವಾಗಿ ತಿಳಿಯಿತು. ಸತ್ಯವೇದದಲ್ಲಿ ಕುರುಬನ ಚಿತ್ರ ಬರುವ ಭಾಗಗಳನ್ನು ಒಬ್ಬರೇ ಕುಳಿತು ಓದಿ, ಧ್ಯಾನಿಸಿ, ಮನಸ್ಸಿಗೆ ಬಂದುದನ್ನು ಬರೆದಿಡಬೇಕೆನ್ನುವವರಿಗಾಗಿ, ನಾನು ಕೆಲವು ವರ್ಷಗಳಿಂದ ಅನುಸರಿಸುತ್ತಿರುವ ಕ್ರಮವನ್ನು ಇಲ್ಲಿ ವಿವರಿಸುತ್ತೇನೆ. ಇದಕ್ಕೆ ಬೇಕಾದದ್ದು ಒಂದು ಸತ್ಯವೇದ, ಒಂದು ನೋಟುಬುಕ್ಕು ಮತ್ತು ಸುಮಾರು ಆರೇಳು ವಾರಗಳ ಕಾಲ. ಓದಬೇಕಾದ ಮುಖ್ಯ ಭಾಗಗಳು 23ನೆಯ ಕೀರ್ತನೆ, ಯೆಹೆಜ್ಕೇಲನ 34ನೆಯ ಅಧ್ಯಾಯ, ಲೂಕನ 15ನೆಯ ಅಧ್ಯಾಯದ ಮೊದಲ ಏಳು ವಚನಗಳು, ಯೋಹಾನನ 10 ಮತ್ತು 21ನೆಯ ಅಧ್ಯಾಯಗಳು. ವಾರಕ್ಕೆ ಒಂದಕ್ಕಿಂತ ಹೆಚ್ಚು ಭಾಗವನ್ನು ತೆಗೆದುಕೊಳ್ಳಬೇಡಿ.

ಮೊದಲನೆಯ ವಾರ ಏನನ್ನೂ ಓದದೆ ಒಂದು ಕುರಿಹಿಂಡನ್ನು ನೋಡಿಬನ್ನಿ. ಈ ವಿಷಯದಲ್ಲಿ ನಮ್ಮ ಸೀಮೆಯವರು ಭಾಗ್ಯವಂತರು. ತೊಗರಿ ಕೊಯ್ಲಾದ ಮೇಲೆ ಗೊಬ್ಬರಕ್ಕಾಗಿ ಹೊಲದಲ್ಲಿ ರಾತ್ರಿ ಕುರಿ ನಿಲ್ಲಿಸುವುದು ಇಲ್ಲಿ ಇನ್ನೂ ಉಳಿದಿದೆ. ಬಲೆ ಕಟ್ಟಿ ದಡ್ಡಿ ಮಾಡಿಕೊಂಡ ಕುರುಬರು ಕಂಬಳಿ ಹೊದ್ದು ಅದರ ಪಕ್ಕದಲ್ಲಿಯೇ ಮಲಗುತ್ತಾರೆ. ಹೊಲದವರ ಮತ್ತು ಹಿಂಡಿನವರ ಒಪ್ಪಿಗೆ ಪಡೆದು, ಸಂಜೆ ಹಿಂಡು ತಿರುಗಿ ಬರುವ ಹೊತ್ತಿಗೆ ಹೋಗಿ. ಕುರಿಗಳನ್ನು ಎಣಿಸುವುದು ಹೇಗೆ, ಕುಂಟುವ ಕುರಿಯನ್ನು ಹಿಡಿದು ಕಾಲ್ಗೊರಸು ನೋಡುವುದು ಹೇಗೆ, ಅಂದು ಈದ ಕುರಿಯ ಮರಿಯನ್ನು ಎಲ್ಲಿ ಇಡುತ್ತಾರೆ, ತಾಯಿಯನ್ನು ಕಳೆದುಕೊಂಡ ಮರಿಗೆ ಬೇರೆ ಕುರಿಯ ಹಾಲು ಕುಡಿಸಲು ಎಷ್ಟು ಹೆಣಗುತ್ತಾರೆ ಎಂಬುದನ್ನು ಸುಮ್ಮನೆ ನೋಡಿ. ಹಿಂಡು ಊರಿಂದೂರಿಗೆ ಸಾಗುವಾಗ ನಡೆಯಲಾರದ ಮರಿಗಳು ಕಂಬಳಿಯ ಮಡಿಕೆಯಲ್ಲಿ ಎದೆಗೊರಗಿ ಹೋಗುವುದನ್ನು ಕಂಡವರಿಗೆ, ಮರಿಗಳನ್ನು ಎದೆಗಪ್ಪಿಕೊಂಡು ಹಾಲೂಡಿಸುವ ಕುರಿಗಳನ್ನು ಮೆಲ್ಲನೆ ನಡೆಸುವವನ ಬಗ್ಗೆ ಯೆಶಾಯನು 40ನೆಯ ಅಧ್ಯಾಯದಲ್ಲಿ ಹೇಳಿದ್ದನ್ನು ಬೇರೆಯವರು ಬಿಡಿಸಿ ಹೇಳಬೇಕಾಗಿಲ್ಲ. ಮನೆಗೆ ಬಂದ ಮೇಲೆ ಕಂಡದ್ದನ್ನು ಮಾತ್ರ ಬರೆಯಿರಿ. ಅರ್ಥ ಹಚ್ಚಲು ಇನ್ನೂ ಸಮಯವಿದೆ.

ಆದರೆ ನಮ್ಮ ಎರೆಹೊಲವನ್ನೇ ಸತ್ಯವೇದದ ನಾಡಾದ ಯೂದಾಯದ ಗುಡ್ಡವೆಂದು ಭಾವಿಸಿಕೊಂಡರೆ ಓದು ತಪ್ಪುತ್ತದೆ. ನಮ್ಮ ಮಳೆ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನದು, ಆ ನಾಡಿನ ಮಳೆ ಚಳಿಗಾಲದ್ದು. ಅಲ್ಲಿಯ ಬರಡು ಅಡವಿಯಲ್ಲಿ ಹಸುರು ಕಾಣುವುದು ಮಳೆಯ ನಂತರದ ಕೆಲವೇ ವಾರ. ಉಳಿದ ತಿಂಗಳುಗಳಲ್ಲಿ ಕಲ್ಲಿನ ಸಂದಿಯ ಒಣಹುಲ್ಲನ್ನು ಹುಡುಕಿಕೊಂಡು ತಿರುಗಬೇಕು. ಕ್ಯಾಲೆಂಡರಿನ ಚಿತ್ರದಲ್ಲಿ ಕಾಣುವ ದಟ್ಟ ಹಸುರಿನ ಬಯಲು ದಾವೀದನ ಊರಾದ ಬೇತ್ಲೆಹೇಮಿನ ಸುತ್ತ ಇರಲಿಲ್ಲ. ನಮ್ಮಲ್ಲಿ ಕಂಬಳಿಗೆ ಉಣ್ಣೆ ಕೊಡುವ ಕರಿಯ ದಖನಿ ಕುರಿ ಇದ್ದಂತೆ ಅಲ್ಲಿ ಕೊಬ್ಬಿದ ಬಾಲದ ಕುರಿಗಳಿದ್ದವು. ಯಜ್ಞದ ವಿಧಿಗಳನ್ನು ಹೇಳುವಾಗ ಆ ಬಾಲದ ಕೊಬ್ಬನ್ನು ವಿಮೋಚನಕಾಂಡವೇ ಹೆಸರಿಸುತ್ತದೆ. ‘ಹಸುರುಗಾವಲು’ ಎಂಬ ಮಾತು ಬಂದಾಗ ಸಮೃದ್ಧಿಗಿಂತ ಮೊದಲು, ಬರಡು ನೆಲದಲ್ಲಿ ಹಸುರು ಎಲ್ಲಿದೆ ಎಂದು ಬಲ್ಲ ಒಬ್ಬನು ಮುಂದೆ ನಡೆಯುತ್ತಿದ್ದಾನೆ ಎಂಬುದನ್ನು ನೆನೆಯಬೇಕು. ಬೇಸಿಗೆಯಲ್ಲಿ ಯಾದಗಿರಿ ಕಡೆಯ ಹಿಂಡುಗಳು ನೀರಿಗಾಗಿ ಭೀಮೆಯ ದಂಡೆಗೆ ಇಳಿಯುವುದನ್ನು ನೋಡಿದವರಿಗೆ ಇದು ಬೇಗ ಹೊಳೆಯುತ್ತದೆ.

ಈಗ ಕೀರ್ತನೆಯನ್ನು ತೆಗೆಯಿರಿ. ಅದನ್ನು ಬಾಯಿಪಾಠವಾಗಿ ಹೇಳದೆ ಒಂದೊಂದೇ ವಾಕ್ಯವನ್ನು ನೋಟುಬುಕ್ಕಿನಲ್ಲಿ ಕೈಯಾರೆ ಬರೆದು, ಪ್ರತಿಯೊಂದು ಸರ್ವನಾಮದ ಕೆಳಗೆ ಗೆರೆ ಎಳೆಯಿರಿ. ಮೊದಲ ಮೂರು ವಚನಗಳಲ್ಲಿ ದೇವರು ‘ಆತನು’. ಆತನು ತಂಗಿಸುತ್ತಾನೆ, ಆತನು ನೀರಿನ ಬಳಿಗೆ ಕರೆತರುತ್ತಾನೆ, ಆತನು ನಡೆಸುತ್ತಾನೆ. ನಾಲ್ಕನೆಯ ವಚನದಲ್ಲಿ ದಾರಿ ಕಗ್ಗತ್ತಲಿನ ಕಣಿವೆಗೆ ಇಳಿಯುತ್ತಲೇ ಮಾತು ‘ನೀನು’ ಎಂದು ತಿರುಗುತ್ತದೆ. ಹಸುರಿನಲ್ಲಿ ದೇವರ ಬಗ್ಗೆ ಮಾತಾಡುತ್ತಿದ್ದವನು ಕತ್ತಲಲ್ಲಿ ದೇವರೊಂದಿಗೇ ಮಾತಾಡತೊಡಗುತ್ತಾನೆ. ನನ್ನ ತಂದೆಯವರ ಮಣ್ಣಿನ ದಿನ ಎಲ್ಲರೂ ಈ ಕೀರ್ತನೆಯನ್ನು ಹೇಳುತ್ತಿದ್ದಾಗ ನಾಲ್ಕನೆಯ ವಚನದ ಹೊತ್ತಿಗೆ ನನ್ನ ಬಾಯಿ ಕಟ್ಟಿತು, ‘ನೀನು’ ಎನ್ನಲು ಆಗಲಿಲ್ಲ. ಅದನ್ನು ಅವಿಶ್ವಾಸವೆಂದು ಬಗೆದು ಬಹಳ ದಿನ ನೊಂದೆ. ಗೆರೆ ಎಳೆದು ಓದಿದ ಮೇಲೆ, ಆ ತಿರುವು ಕೀರ್ತನೆಯಲ್ಲಿಯೇ ಅತ್ಯಂತ ಕಷ್ಟದ ಹೆಜ್ಜೆ, ಅಲ್ಲಿ ನಿಂತುಹೋದವನು ಸರಿಯಾದ ಜಾಗದಲ್ಲಿಯೇ ನಿಂತಿದ್ದಾನೆ ಎಂದು ತಿಳಿಯಿತು. ನೀವು ಬರೆಯುವಾಗಲೂ ನಿಮ್ಮ ಇಂದಿನ ಪ್ರಾರ್ಥನೆ ‘ಆತನು’ ಎಂಬಲ್ಲಿದೆಯೋ ‘ನೀನು’ ಎಂಬಲ್ಲಿದೆಯೋ ಎಂದು ಪ್ರಾಮಾಣಿಕವಾಗಿ ಗುರುತಿಸಿ. ಐದನೆಯ ವಚನದಲ್ಲಿ ಕುರುಬನ ಚಿತ್ರ ಮುಗಿದು, ಊಟಕ್ಕೆ ಬಡಿಸಿ ತಲೆಗೆ ಎಣ್ಣೆ ಹಚ್ಚುವ ಮನೆಯೊಡೆಯನ ಚಿತ್ರ ಬರುತ್ತದೆ. ಕುರಿಯ ಅರ್ಥವನ್ನು ಅಲ್ಲಿಯವರೆಗೂ ಎಳೆಯಬೇಡಿ.

ನೂರು ಕುರಿಗಳಲ್ಲಿ ಒಂದು ಕಳೆದುಹೋದಾಗ ಉಳಿದವನ್ನು ಬಿಟ್ಟು ಅದನ್ನು ಹುಡುಕಲು ಹೋದ ಕುರುಬನ ಸಾಮ್ಯವನ್ನು, ಅಂದರೆ ಯೇಸು ಹೇಳಿದ ದೃಷ್ಟಾಂತ ಕಥೆಯನ್ನು, ಓದುವಾಗ ಲೂಕನನ್ನೂ ಮತ್ತಾಯನ 18ನೆಯ ಅಧ್ಯಾಯವನ್ನೂ ಎದುರುಬದುರು ಇಟ್ಟುಕೊಳ್ಳಿ. ಲೂಕನಲ್ಲಿ ಯೇಸು ಈ ಮಾತನ್ನು ಹೇಳುವುದು, ಪಾಪಿಗಳ ಸಂಗಡ ಊಟ ಮಾಡುತ್ತಾನೆಂದು ಗೊಣಗುತ್ತಿದ್ದ ಫರಿಸಾಯರೆಂಬ ಯೆಹೂದ್ಯ ಧರ್ಮನಿಷ್ಠರಿಗೆ. ಮತ್ತಾಯನಲ್ಲಿ ಚಿಕ್ಕವರೊಬ್ಬರನ್ನೂ ತಾತ್ಸಾರ ಮಾಡಬಾರದೆಂದು ಶಿಷ್ಯರಿಗೆ. ಲೂಕನ ಕುರುಬನು ಸಿಕ್ಕುವ ತನಕ ಹುಡುಕುತ್ತಾನೆ, ಮತ್ತಾಯನಲ್ಲಿ ‘ಸಿಕ್ಕಿದರೆ’ ಎಂಬ ಮಾತಿದೆ. ಹೊರಗಿನವರನ್ನು ಕುರಿತು ಬರೆಯುವಾಗ ಲೂಕನನ್ನು, ಸಭೆಯೊಳಗಿದ್ದೂ ದೂರವಾದವರನ್ನು ಕುರಿತು ಬರೆಯುವಾಗ ಮತ್ತಾಯನನ್ನು ಆರಿಸಿಕೊಳ್ಳುವುದು ಒಳ್ಳೆಯದೆಂದು ನನ್ನ ಅನುಭವ. ಒಮ್ಮೆ ನಮ್ಮ ಹೊಲದಲ್ಲಿ ಹಿಂಡು ನಿಲ್ಲಿಸಿದ್ದ ಮುತ್ಯಾ ಒಬ್ಬರಿಗೆ ನಾನು ಈ ಕಥೆಯನ್ನು ಹೇಳಿದಾಗ ಅವರು ಬಹಳ ಹೊತ್ತು ಸುಮ್ಮನಿದ್ದು, “ಉಳಿದ ಕುರಿ ಯಾರ ಬಲ್ಲಿ ಬಿಟ್ಟ ಹೋದ ತಮ್ಮಾ?” ಎಂದು ಕೇಳಿದರು. ನೂರಾರು ಸಲ ಓದಿದ ನನಗೆ ಆ ಪ್ರಶ್ನೆ ಒಮ್ಮೆಯೂ ಬಂದಿರಲಿಲ್ಲ. ಲೂಕನು ಅವುಗಳನ್ನು ಅಡವಿಯಲ್ಲಿ ಬಿಟ್ಟುಹೋದನೆಂದಷ್ಟೇ ಹೇಳುತ್ತಾನೆ. ನನ್ನ ಬಳಿ ಉತ್ತರವಿಲ್ಲದ್ದನ್ನು ಕಂಡು ಮುತ್ಯಾ ತಾವೇ, “ಜೋಡಿಗೆ ಇನ್ನೊಬ್ಬ ಇದ್ದಿರಬೇಕು, ಇಲ್ಲಾಂದ್ರ ಆ ಒಂದು ಕುರಿ ಭಾಳ ದೊಡ್ಡದಿರಬೇಕು” ಎಂದರು. ಎರಡನೆಯ ಮಾತನ್ನು ನಾನು ಅಂದೇ ಬರೆದಿಟ್ಟೆ. ಗೊಣಗುತ್ತಿದ್ದವರ ಮುಂದೆ ಯೇಸು ಹೇಳಬಯಸಿದ್ದು ಇದನ್ನೇ ಎಂದು ನಾನು ನಂಬುತ್ತೇನೆ. ಹೀಗೆ ವಾಕ್ಯವು ಹೇಳದೆ ಬಿಟ್ಟದ್ದನ್ನು ಪ್ರಶ್ನೆಯಾಗಿ ಬರೆದುಕೊಳ್ಳುವುದು ಧ್ಯಾನದ ದೊಡ್ಡ ಸಾಧನ. ಉತ್ತರವನ್ನು ಮಾತ್ರ ಕಲ್ಪಿಸಿ ವಾಕ್ಯದೊಳಗೆ ಸೇರಿಸಬೇಡಿ.

ಎಲ್ಲಕ್ಕಿಂತ ಹೆಚ್ಚು ಸಮಯವನ್ನು ಯೆಹೆಜ್ಕೇಲನಿಗೆ ಕೊಡಬೇಕು, ಬೇಕಾದರೆ ಎರಡು ವಾರ. ಕ್ರಿ.ಪೂ. 597ರಲ್ಲಿ ಸೆರೆಯಾಗಿ ಬಾಬೆಲಿಗೆ ಹೋದ ಈ ಯಾಜಕನು ‘ಕುರುಬರು’ ಎಂದಾಗ ಕುರಿ ಕಾಯುವವರನ್ನು ಉದ್ದೇಶಿಸಿರಲಿಲ್ಲ, ಇಸ್ರಾಯೇಲನ್ನು ಆಳಿದವರನ್ನು ಉದ್ದೇಶಿಸಿದ್ದನು. ಕೊಬ್ಬನ್ನು ತಿಂದಿರಿ, ಉಣ್ಣೆಯನ್ನು ಹೊದ್ದಿರಿ, ಆದರೆ ರೋಗದ ಕುರಿಯನ್ನು ಗುಣಪಡಿಸಲಿಲ್ಲ, ಮುರಿದದ್ದನ್ನು ಕಟ್ಟಲಿಲ್ಲ, ತಪ್ಪಿಹೋದದ್ದನ್ನು ಹುಡುಕಲಿಲ್ಲ ಎಂಬುದು ಅವರ ಮೇಲಿನ ದೂರು. ಇಲ್ಲಿಯವರೆಗೆ ಓದಿ ರಾಜಕಾರಣಿಗಳನ್ನೂ ಸಭೆಯ ನಾಯಕರನ್ನೂ ನೆನೆದು ಪುಸ್ತಕ ಮುಚ್ಚುವುದು ಸುಲಭ. ಮುಚ್ಚಬೇಡಿ. 17ನೆಯ ವಚನದಿಂದ ದೇವರು ಕುರಿಗಳ ಕಡೆಗೇ ತಿರುಗಿ, ಕುರಿಗೂ ಕುರಿಗೂ ನ್ಯಾಯ ತೀರಿಸುತ್ತೇನೆ ಎನ್ನುತ್ತಾನೆ. ಬಲಿತ ಕುರಿಗಳು ಒಳ್ಳೆಯ ಮೇವನ್ನು ಮೇದು ಉಳಿದದ್ದನ್ನು ತುಳಿಯುತ್ತವೆ, ತಿಳಿನೀರು ಕುಡಿದು ಉಳಿದದ್ದನ್ನು ಕಲಕುತ್ತವೆ, ಪಕ್ಕೆಯಿಂದಲೂ ಭುಜದಿಂದಲೂ ನೂಕಿ ಬಡವಾದವುಗಳನ್ನು ಚದರಿಸುತ್ತವೆ. ಬೇಸಿಗೆಯಲ್ಲಿ ಬತ್ತುತ್ತಿರುವ ಹೊಂಡಕ್ಕೆ ಹಿಂಡು ಇಳಿಯುವಾಗ ಮುಂದಿನ ಟಗರುಗಳ ಕಾಲಿನಿಂದ ನೀರು ಕೆಸರಾಗಿ, ಹಿಂದೆ ಉಳಿದ ಮರಿಗಳ ಪಾಲಿಗೆ ರಾಡಿ ಮಾತ್ರ ಸಿಗುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಆದರೂ ಈ ವಚನಗಳಲ್ಲಿ ನನ್ನನ್ನು ಗುರುತಿಸಿಕೊಳ್ಳಲು ವರ್ಷಗಳು ಬೇಕಾದವು. ನಾನು ಒಂದು ಸಭೆಯ ಕಮಿಟಿಯಲ್ಲಿದ್ದಾಗ, ಮಗಳ ಓದಿಗೆ ಸಹಾಯ ಕೇಳಿದ ವಿಧವೆಯೊಬ್ಬರ ಅರ್ಜಿಯನ್ನು ನಾವು ಮೂರು ಸಲ ಮುಂದಿನ ತಿಂಗಳಿಗೆ ದೂಡಿದೆವು. ಅದೇ ಅವಧಿಯಲ್ಲಿ ಕಟ್ಟಡಕ್ಕೆ ಬಣ್ಣ ಹೊಡೆಸುವ ಖರ್ಚಿಗೆ ಒಂದೇ ಸಂಜೆ ಒಪ್ಪಿಗೆ ಕೊಟ್ಟೆವು. ಕೆಟ್ಟ ಕುರುಬರನ್ನು ಬೈಯುತ್ತಿದ್ದ ನಾನೇ ನೀರು ಕಲಕಿದ ಟಗರಾಗಿದ್ದೆ. ಈ ಅಧ್ಯಾಯವನ್ನು ಓದಿದ ಮೇಲೆ ನಿಮ್ಮ ಭುಜದಿಂದ ಯಾರು ಹಿಂದಕ್ಕೆ ಸರಿದರು ಎಂಬುದನ್ನು ಹೆಸರು ಸಹಿತ ಬರೆಯಿರಿ, ಸಾಧ್ಯವಾದರೆ ಹೋಗಿ ಕ್ಷಮೆ ಕೇಳಿ. ಯಾವುದೇ ಸಭೆಯ ಕಮಿಟಿ ಕೂಡುವ ಮೊದಲು 17ರಿಂದ 22ರವರೆಗಿನ ವಚನಗಳನ್ನು ಗಟ್ಟಿಯಾಗಿ ಓದಬೇಕೆಂಬುದು ನನ್ನ ಅಭಿಪ್ರಾಯ.

ಯೋಹಾನನ 10ನೆಯ ಅಧ್ಯಾಯವನ್ನು 9ನೆಯದರಿಂದ ಬಿಡಿಸಿ ಓದಬಾರದು. ಹುಟ್ಟುಕುರುಡನಾಗಿದ್ದು ಕಣ್ಣು ಪಡೆದವನನ್ನು ಹೊರಗೆ ಹಾಕಿದ ಸುದ್ದಿ ಕೇಳಿ ಯೇಸು ಅವನನ್ನು ಕಂಡುಹಿಡಿಯುತ್ತಾನೆ. ಅದರ ಬೆನ್ನಿಗೇ ಕುರಿಹಟ್ಟಿಯ ಮಾತು ಬರುತ್ತದೆ. ತಾನೇ ಬಾಗಿಲು, ತಾನೇ ಒಳ್ಳೆಯ ಕುರುಬನು ಎಂದು ಯೇಸು ಹೇಳುವುದು, ಬಾಗಿಲು ಮುಚ್ಚಿಸಿಕೊಂಡ ಮನುಷ್ಯನೊಬ್ಬನು ಇನ್ನೂ ಕಣ್ಣೆದುರಿಗೆ ಇರುವಾಗ. ಇಲ್ಲಿ ‘ಒಳ್ಳೆಯ’ ಎಂದಿರುವಲ್ಲಿ ಮೂಲ ಗ್ರೀಕಿನಲ್ಲಿರುವ ‘ಕಲೋಸ್’ ಎಂಬ ಪದಕ್ಕೆ ಚೆಲುವಾದ, ಉದಾತ್ತವಾದ ಎಂಬ ಅರ್ಥಗಳೂ ಉಂಟು.

ಇದೇ ಅಧ್ಯಾಯದಲ್ಲಿ ತೋಳ ಬಂದಾಗ ಓಡಿಹೋಗುವ ಕೂಲಿಯವನ ಮಾತಿದೆ, ಇಲ್ಲಿ ಎಚ್ಚರ ಬೇಕು. ನಮ್ಮ ಕಡೆ ಬೇರೆಯವರ ಹಿಂಡನ್ನು ವರ್ಷದ ಲೆಕ್ಕದಲ್ಲಿ ಸಂಬಳಕ್ಕೆ ಕಾಯುವವರು ಬಹಳ ಮಂದಿ ಇದ್ದಾರೆ, ಅವರು ಮಳೆಯಲ್ಲಿ ನೆನೆದು, ಸಿಡಿಲಿಗೆ ಅಂಜುತ್ತ, ರಾತ್ರಿಯಿಡೀ ಎಚ್ಚರವಾಗಿದ್ದು ಹಿಂಡನ್ನು ಉಳಿಸುತ್ತಾರೆ. ದುಡಿದು ತಿನ್ನುವ ಇಂಥವರನ್ನು ಹಗುರ ಮಾಡಲು ಈ ವಚನವನ್ನು ಬಳಸುವುದು ಅನ್ಯಾಯ. ಇಸ್ರಾಯೇಲರ ಮೂಲಪುರುಷನಾದ ಯಾಕೋಬನೇ ತನ್ನ ಮಾವ ಲಾಬಾನನ ಹಿಂಡನ್ನು ಕೂಲಿಗೆ ಕಾಯ್ದವನು. ಹಗಲು ಬಿಸಿಲಿಗೂ ರಾತ್ರಿ ಚಳಿಗೂ ಬಲಿಯಾದೆ, ಕಣ್ಣಿಗೆ ನಿದ್ರೆ ಹತ್ತಲಿಲ್ಲ, ಕಾಡುಮೃಗ ಸೀಳಿದ್ದರ ನಷ್ಟವನ್ನೂ ನಾನೇ ಹೊತ್ತೆ ಎಂದು 20 ವರ್ಷದ ದುಡಿಮೆಯ ಕೊನೆಗೆ ಅವನು ಆಡಿದ ಮಾತು ಆದಿಕಾಂಡದ 31ನೆಯ ಅಧ್ಯಾಯದಲ್ಲಿದೆ. ಮೃಗ ಸೀಳಿದ್ದಕ್ಕೆ ಸಾಕ್ಷಿ ತಂದು ತೋರಿಸಿದರೆ ಕಾಯುವವನು ಬದಲು ಕೊಡಬೇಕಾಗಿಲ್ಲವೆಂದು ವಿಮೋಚನಕಾಂಡದ 22ನೆಯ ಅಧ್ಯಾಯವು ವಿಧಿಸುತ್ತದೆ. ತಾನೇ ತೆಕೋವದ ಕುರಿಗಾಹಿಗಳಲ್ಲಿ ಒಬ್ಬನಾಗಿದ್ದ ಪ್ರವಾದಿ ಆಮೋಸನು, ಸಿಂಹದ ಬಾಯಿಂದ ಎರಡು ಕಾಲನ್ನೋ ಕಿವಿಯ ತುಂಡನ್ನೋ ಕಿತ್ತು ತರುವ ಕುರುಬನನ್ನು ನೆನೆಯುವಾಗ ಈ ವಿಧಿ ಅವನ ಮನಸ್ಸಿನಲ್ಲಿದ್ದಿರಬೇಕು. ವಿಮೆ ಮಾಡಿಸಿದ ಕುರಿ ಸತ್ತರೆ ಕಿವಿಯ ಓಲೆಯನ್ನು ಒಪ್ಪಿಸಬೇಕಾದ ನಮ್ಮ ಕುರಿಗಾರರಿಗೆ ಆಮೋಸನ ಆ ಕಿವಿಯ ತುಂಡು ನಮಗಿಂತ ಚೆನ್ನಾಗಿ ಅರ್ಥವಾದೀತು. ಹಾಗಾದರೆ ಯೋಹಾನನಲ್ಲಿ ದೋಷವಿರುವುದು ಕೂಲಿಯಲ್ಲಿ ಅಲ್ಲ, ಕುರಿಗಳ ಚಿಂತೆ ಅವನಿಗಿಲ್ಲ ಎಂಬುದರಲ್ಲಿ. 13ನೆಯ ವಚನವೇ ಅದನ್ನು ಹೇಳುತ್ತದೆ.

ನಿಮ್ಮ ಬರಹವನ್ನು ಮನೆಪ್ರಾರ್ಥನೆಯಲ್ಲಿ ಓದುವುದಾದರೆ ‘ಕುರುಬ’ ಎಂಬ ಪದದ ಬಗ್ಗೆಯೂ ಒಂದು ಮಾತು. ಕನ್ನಡದಲ್ಲಿ ಅದು ಕಸುಬಿನ ಹೆಸರು ಮಾತ್ರವಲ್ಲ, ನೆರೆಯಲ್ಲಿ ಬಾಳುವ ಒಂದು ಸಮುದಾಯದ ಹೆಸರು. ಸಂಕ್ರಾಂತಿಗೆ ಯಾದಗಿರಿ ತಾಲ್ಲೂಕಿನ ಮೈಲಾಪುರದ ಮಲ್ಲಯ್ಯನ ಜಾತ್ರೆಗೆ ಹೋಗುವ, ತಮ್ಮದೇ ಭಕ್ತಿಯುಳ್ಳ ಜನ ಅವರು. ದೇವರನ್ನು ಅವರ ಹೆಸರಿನಿಂದ ಕರೆಯುವ ನಾವು ಅವರ ಬಗ್ಗೆ ಗೌರವವಿಲ್ಲದೆ ಆ ಪದವನ್ನು ಉಚ್ಚರಿಸಬಾರದು. ಈಚಿನ ಅನುವಾದಗಳಲ್ಲಿ ಕಾಣುವ ‘ಕುರಿಗಾಹಿ’ಯೂ ಚೆನ್ನಾಗಿದೆ, ಆದರೆ ನನಗೆ ಹಳೆಯ ಪದವೇ ಪ್ರಿಯ.

ಕೊನೆಯ ವಾರ ಯೋಹಾನನ 21ನೆಯ ಅಧ್ಯಾಯ. ಇದ್ದಲಿನ ಬೆಂಕಿಯ ಬಳಿ ನಿಂತು ತನ್ನನ್ನು ಮೂರು ಸಲ ಅಲ್ಲಗಳೆದ ಶಿಷ್ಯ ಪೇತ್ರನನ್ನು, ಮತ್ತೊಂದು ಇದ್ದಲಿನ ಬೆಂಕಿಯ ಬಳಿ, ನನ್ನನ್ನು ಪ್ರೀತಿಸುತ್ತೀಯೋ ಎಂದು ಯೇಸು ಮೂರು ಸಲ ಕೇಳುತ್ತಾನೆ. ಪ್ರತಿ ಉತ್ತರಕ್ಕೂ ಕುರಿಗಳ ಹೊಣೆಯನ್ನು ಒಪ್ಪಿಸುತ್ತಾನೆ, ಮತ್ತು ಮೂರು ಸಲವೂ ಅವು ‘ನನ್ನ’ ಕುರಿಗಳು. ಸಭಾಪಾಲಕರಾಗಿರಲಿ, ಸಂಡೇ ಸ್ಕೂಲಿನ ಟೀಚರ್ ಆಗಿರಲಿ, ಮನೆಯ ಹಿರಿಯರಾಗಿರಲಿ, ಯಾರಿಗೂ ಅವು ‘ನಿನ್ನ’ವಾಗುವುದಿಲ್ಲ. ಆ ಒಂದು ಪದದ ಮೇಲೆ ಒಂದು ಪುಟ ಬರೆಯಿರಿ. ನೋಟುಬುಕ್ಕಿನ ಕೊನೆಯ ಹಾಳೆಯನ್ನು ಮಾತ್ರ ಖಾಲಿ ಬಿಟ್ಟು, ಮುತ್ಯಾ ಸಂಜೆ ದಡ್ಡಿಯ ಬಾಯಲ್ಲಿ ನಿಂತು ಎಣಿಸುವಂತೆ, ಈಚೆಗೆ ಆರಾಧನೆಯಲ್ಲಿ ಕಾಣದವರ, ಪುಣೆಗೋ ಹೈದರಾಬಾದಿಗೋ ದುಡಿಯಲು ಹೋಗಿ ಸುದ್ದಿಯಿಲ್ಲದವರ ಹೆಸರುಗಳನ್ನು ಅಲ್ಲಿ ಬರೆಯಿರಿ. ಮೊದಲನೆಯ ಹೆಸರಿನವರಿಗೆ ಇಂದು ರಾತ್ರಿಯೇ ಫೋನ್ ಮಾಡಿ.