ಕೊರೆಯುವ ಚಳಿಯಲ್ಲಿ ಹೀಟ್ ಪಂಪ್: ಪದೇ ಪದೇ ಕೈ ಹಾಕಬೇಡಿ

ಹೀಟ್ ಪಂಪ್ ತಾನಾಗಿ ಬಿಸಿಯನ್ನು ಹುಟ್ಟಿಸುವ ಯಂತ್ರವಲ್ಲ. ಹೊರಗಿನ ಗಾಳಿಯಲ್ಲಿರುವ ಬಿಸಿಯನ್ನು ಹೀರಿ ಮನೆಯೊಳಗೆ ಬಿಡುತ್ತದೆ, ಅಷ್ಟೇ. ತಾಪಮಾನ ಸೊನ್ನೆಗಿಂತ ಕೆಳಗಿಳಿದರೂ ಗಾಳಿಯಲ್ಲಿ ಹೀರುವಷ್ಟು ಬಿಸಿ ಇದ್ದೇ ಇರುತ್ತದೆ. ಚಳಿ ಏರಿದಷ್ಟೂ ಅದನ್ನು ಹೀರುವುದು ಕಷ್ಟ, ಕರೆಂಟೂ ಜಾಸ್ತಿ ಬೇಕು.

ಮೊದಲು ಥರ್ಮೋಸ್ಟಾಟ್, ಅಂದರೆ ಮನೆ ಎಷ್ಟು ಬೆಚ್ಚಗಿರಬೇಕೆಂದು ಹೊಂದಿಸುವ ಸಾಧನ. ಮೋಡ್ 'ಹೀಟ್'ನಲ್ಲಿರಲಿ. 20 ಡಿಗ್ರಿ ಆಸುಪಾಸಿನಲ್ಲಿ ನಿಮಗೆ ಹಿತವೆನಿಸುವ ಒಂದು ಅಂಕಿ ಇಟ್ಟು ಸುಮ್ಮನಿದ್ದುಬಿಡಿ. ರಾತ್ರಿ ಪೂರ್ತಿ ಇಳಿಸಿ, ಬೆಳಿಗ್ಗೆ ಒಮ್ಮೆಲೇ ಐದಾರು ಡಿಗ್ರಿ ಏರಿಸುವ ಅಭ್ಯಾಸ ಬಹಳ ಜನರಿಗಿದೆ. ಉಳಿತಾಯದ ಲೆಕ್ಕ ಇಲ್ಲೇ ತಪ್ಪುವುದು. ಅಷ್ಟು ದೊಡ್ಡ ಅಂತರವನ್ನು ಬೇಗ ತುಂಬಲು ಎಷ್ಟೋ ಯಂತ್ರಗಳು ಒಳಗಿರುವ ಕಾಯಿಲ್ ಹೀಟರನ್ನು ಆನ್ ಮಾಡಿಕೊಳ್ಳುತ್ತವೆ. ಅದು ಒಂದು ಯೂನಿಟ್ ಕರೆಂಟಿಗೆ ಒಂದು ಯೂನಿಟ್ ಶಾಖವನ್ನಷ್ಟೇ ಕೊಡುತ್ತದೆ. ಚಳಿ ತೀರಾ ಹೆಚ್ಚಿಲ್ಲದಾಗ ಪಂಪ್ ಅಷ್ಟೇ ಕರೆಂಟಿನಲ್ಲಿ ಎರಡು ಮೂರು ಪಟ್ಟು ಕೊಡಬಲ್ಲದು. 'ಎಮರ್ಜೆನ್ಸಿ ಹೀಟ್' ಗುಂಡಿಯೂ ಈ ಹೀಟರಿನದೇ. ಪಂಪ್ ಕೆಟ್ಟು ನಿಂತಾಗ ಮಾತ್ರ ಅದನ್ನು ಮುಟ್ಟಿ.

ಗಾಳಿ ಬೆಂಕಿಯಂತೆ ಬಿಸಿ ಬರುವುದಿಲ್ಲ, ಉಗುರುಬೆಚ್ಚಗೆ ಬರುತ್ತದೆ. ಯಂತ್ರ ಗಂಟೆಗಟ್ಟಲೆ ನಿಲ್ಲದೆ ಓಡುತ್ತದೆ. ಎರಡೂ ಸಹಜ. ಗೋಡೆಯ ಯೂನಿಟ್ ಆದರೆ ಗಾಳಿಯ ದಿಕ್ಕು ತಿರುಗಿಸುವ ರೆಕ್ಕೆಗಳನ್ನು ಕೆಳಮುಖ ಮಾಡಿ, ಬಿಸಿ ಗಾಳಿ ಮೇಲೇರುತ್ತದೆ ಅಲ್ವಾ?

ಮುಂದಿನದು ಫಿಲ್ಟರ್. ತಿಂಗಳಿಗೊಮ್ಮೆ ತೆಗೆದು ನೋಡಿ. ತೊಳೆಯುವಂಥದ್ದಾದರೆ ತೊಳೆದು, ಪೂರ್ತಿ ಒಣಗಿಸಿ ಹಾಕಿ. ಇಲ್ಲವಾದರೆ ಹೊಸದು ಹಾಕಿ.

ಇನ್ನು ಹೊರಗಿನ ಯೂನಿಟ್. ಚಳಿಗಾಲದಲ್ಲಿ ಕಣ್ಣಿಡಬೇಕಾದ ಜಾಗ ಇದೇ. ಸುತ್ತ ಎರಡಡಿಯಾದರೂ ಜಾಗ ಖಾಲಿ ಇರಲಿ. ಹಿಮ ಬಿದ್ದ ಮೇಲೆ ಸುತ್ತಲಿನದನ್ನೂ ಮೇಲಿನದನ್ನೂ ಮೆತ್ತಗಿನ ಬ್ರಷ್‌ನಿಂದ ಸರಿಸಿ. ಹಿಮ ಜಾಸ್ತಿ ಬೀಳುವ ಕಡೆ ಯೂನಿಟ್ ಎತ್ತರದ ಸ್ಟ್ಯಾಂಡ್ ಮೇಲಿರಬೇಕು. ಕರಗಿದ ನೀರು ಕೆಳಗೆ ಹರಿದುಹೋಗಲೂ ಅದು ಬೇಕು. ಸೂರಿನ ನೀರು ಯೂನಿಟ್ ಮೇಲೆ ತೊಟ್ಟಿಕ್ಕುತ್ತಿದ್ದರೆ ಮೊದಲು ಅದನ್ನು ಬೇರೆಡೆಗೆ ತಿರುಗಿಸಿ, ಇಲ್ಲದಿದ್ದರೆ ಫ್ಯಾನಿನ ಮೇಲೇ ಮಂಜುಗಡ್ಡೆ ಕಟ್ಟುತ್ತದೆ. ಚಳಿಯಾಗುತ್ತದೆಂದು ಓಡುತ್ತಿರುವ ಯೂನಿಟ್‌ಗೆ ಹೊದಿಕೆ ಹೊದಿಸುವವರೂ ಇದ್ದಾರೆ! ದಯವಿಟ್ಟು ಬೇಡ, ಅದಕ್ಕೆ ಗಾಳಿ ಬೇಕು.

ಹೊರಗಿನ ಯೂನಿಟ್‌ನ ಕಾಯಿಲ್ (ಬಿಸಿ ಹೊತ್ತೊಯ್ಯುವ ಗ್ಯಾಸ್ ಹರಿಯುವ ಕೊಳವೆಗಳ ಸುರುಳಿ) ಮೇಲೆ ತೆಳ್ಳಗೆ ಬಿಳಿ ಹಿಮ ಕಂಡರೆ ಗಾಬರಿಯಾಗಬೇಡಿ. ಯಂತ್ರ ಆಗಾಗ ತಾನೇ ಕೆಲವು ನಿಮಿಷ ಉಲ್ಟಾ ಓಡಿ ಅದನ್ನು ಕರಗಿಸಿಕೊಳ್ಳುತ್ತದೆ. ಇದೇ ಡಿಫ್ರಾಸ್ಟ್. ಹೊರಗಿನ ಫ್ಯಾನ್ ನಿಲ್ಲುತ್ತದೆ, ಬುಸ್ಸೆಂದು ಸದ್ದಾಗುತ್ತದೆ, ಹೊಗೆಯಂತೆ ಆವಿ ಏಳುತ್ತದೆ. ಆಗ ಆಫ್ ಮಾಡಬೇಡಿ. ಆದರೆ ಇಡೀ ಯೂನಿಟ್ ದಪ್ಪ ಮಂಜುಗಡ್ಡೆಯೊಳಗೆ ಹೂತು, ಗಂಟೆಗಳಾದರೂ ಕರಗದಿದ್ದರೆ ಮಾತು ಬೇರೆ. ಆಫ್ ಮಾಡಿ ತಂತ್ರಜ್ಞರನ್ನು ಕರೆಯಿರಿ. ಚಾಕು, ಸ್ಕ್ರೂಡ್ರೈವರ್‌ನಿಂದ ಕೆತ್ತಲು ಹೋಗಬೇಡಿ, ಕಾಯಿಲ್‌ಗೆ ಅಂಟಿದ ಅಲ್ಯೂಮಿನಿಯಂ ರೆಕ್ಕೆಗಳು ಬಲು ನಾಜೂಕು. ಗ್ಯಾಸ್ ಕೊಳವೆಗೆ ತೂತು ಬಿದ್ದರಂತೂ ರಿಪೇರಿ ಖರ್ಚು ದೊಡ್ಡದು.

ವರ್ಷಕ್ಕೊಮ್ಮೆ, ಚಳಿ ಶುರುವಾಗುವ ಮುಂಚೆಯೇ ಸರ್ವಿಸ್ ಮಾಡಿಸಿ. ಗ್ಯಾಸಿನ ಒತ್ತಡ, ವೈರಿಂಗ್, ಡಿಫ್ರಾಸ್ಟ್ ಸೆನ್ಸರ್ ಇವನ್ನು ನೋಡುವುದು ಅವರ ಕೆಲಸ. ಮನೆ ಬಿಟ್ಟು ಹೋಗುವಾಗ ಮೇನ್ ಸ್ವಿಚ್ ಆರಿಸಬೇಡಿ. ಎಷ್ಟೋ ಮಾದರಿಗಳಲ್ಲಿ ಕಂಪ್ರೆಸರಿನ ಎಣ್ಣೆಯನ್ನು ಬೆಚ್ಚಗಿಡುವ ಪುಟ್ಟ ಹೀಟರ್ ಅದರಿಂದಲೇ ಓಡುತ್ತದೆ. ಕರೆಂಟ್ ತುಂಬಾ ಹೊತ್ತು ಹೋಗಿದ್ದರೆ, ಬಂದ ಕೂಡಲೇ ಪಂಪ್ ಓಡಿಸಬೇಡಿ. ಎಷ್ಟು ಗಂಟೆ ಕಾಯಬೇಕೆಂದು ಕೈಪಿಡಿಯಲ್ಲಿ ನೋಡಿಕೊಳ್ಳಿ.